ಸುಡದೆ ಉಳಿದ ಹೂದಂಡೆ

ದೆಲ್ಫಿಯ ಆರು ಕಂಬಗಳು ಗೋಡೆಯ ಮೇಲೆ ತಲೆಕೆಳಗಾಗಿ ನಿಂತವು.

“ಡಾಕ್ಟ್ರೇ, ಹಲ್ಲು ಕೀಳೋವಾಗ್ಲೂ ಹಿಂಗೇನಾ? ಮೇಲಿಂದು ನೋಯ್ತಿದ್ರೆ ಕೆಳಗಿಂದು ಕೀಳೋದು?” ಹಿಂದಿನ ಸಾಲಿನಿಂದ ಯಾರೋ ಕೇಳಿದರು.

ಸಭೆ ನಕ್ಕಿತು. ದಂತವೈದ್ಯ ವೆನಿಯೇರಿಸ್ ಗೊಣಗುತ್ತ ಸ್ಲೈಡನ್ನು ಹೊರಗೆಳೆದು, ತಿರುಗಿಸಿ ಮತ್ತೆ ಯಂತ್ರಕ್ಕೆ ತೂರಿಸಿದರು. ಕಂಬಗಳು ನೆಟ್ಟಗಾದವು. ಅವುಗಳ ಬುಡದಲ್ಲಿ ಪೆತ್ರೂಸಾ ದ್ವೀಪದವರ ಸಂಘದ ಹದಿನೇಳು ಮಂದಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಸಾಲಾಗಿ ನಿಂತಿದ್ದರು.

ಪಿರೇಯಸ್ ಬಂದರಿನ ಹಿಂದಿನ ಬೀದಿಯ ಆ ಸಣ್ಣ ಹಾಲಿನಲ್ಲಿ ಪ್ರತಿ ಜನವರಿಯಲ್ಲೂ ಇದೇ ಕ್ರಮ. ಚರ್ಚು ಮುಗಿಸಿ ಬಂದವರೆಲ್ಲ ಸೇರಿ, ಒಳಗೊಂದು ಅದೃಷ್ಟದ ಕಾಸು ಹುದುಗಿಸಿದ ಹೊಸ ವರ್ಷದ ಕೇಕು ಕತ್ತರಿಸುವುದು, ಆಮೇಲೆ ಕಿಟಕಿಗಳಿಗೆ ಕಂಬಳಿ ಕಟ್ಟಿ, ಬೇಸಗೆಯ ರಜೆಯಲ್ಲಿ ತೆಗೆದ ಚಿತ್ರಗಳನ್ನು ಗೋಡೆಯ ಮೇಲೆ ನೋಡುವುದು. ಈ ಸಲ ಎರಡು ಬೇಸಗೆಯ ಚಿತ್ರಗಳಿದ್ದವು. ಹೋದ ವರ್ಷ ವೆನಿಯೇರಿಸ್ ಸೊಂಟ ಮುರಿದುಕೊಂಡು ಮಲಗಿದ್ದರಿಂದ ಎಂಬತ್ತೆರಡರ ಡಬ್ಬಿಯನ್ನು ಯಾರೂ ಬಿಚ್ಚಿಯೇ ಇರಲಿಲ್ಲ.

ಅಡುಗೆಮನೆಯ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡಿದ್ದ ಯಾಕೊವೊಸ್ ನಗಲಿಲ್ಲ. ಅರವತ್ತನಾಲ್ಕರ ಈ ನಿವೃತ್ತ ಪೊಲೀಸ್ ಸಾರ್ಜೆಂಟ್ ಎಂಟು ತಿಂಗಳಿಂದ ಒಬ್ಬ ವಕೀಲನ ಪರವಾಗಿ ಬೂಟು ಸವೆಸಿದ್ದ. ಅನ್ನೆಝೊ ಎಂಬವಳನ್ನು ಕೊಂದದ್ದು ಗಾರೆ ಕೆಲಸದ ಸ್ತ್ರಾತಿಸ್ ಅಲ್ಲ ಎಂದು ತೋರಿಸಲು ಅವನಿಗೆ ಸಿಕ್ಕಿದ್ದು ಒಂದು ಹಡಗಿನ ಟಿಕೆಟ್ಟು, ಮೇಸ್ತ್ರಿಯ ಒಂದು ಹಾಜರಿ ಪುಸ್ತಕ ಮಾತ್ರ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಕೋರ್ಟು ಸೇರುತ್ತಿತ್ತು, ಜೀವಾವಧಿ ಶಿಕ್ಷೆ ಖಂಡಿತ ಎಂದು ವಕೀಲನೇ ಕೈಚೆಲ್ಲಿ ಕೂತಿದ್ದ.

“ಯಾಕೊವಣ್ಣ.”

ಅಡುಗೆಮನೆಯಿಂದ ಝಂಬೇತಾ ಬಗ್ಗಿ ಕರೆದಳು. ಸ್ತ್ರಾತಿಸ್‌ನ ತಾಯಿ. ಸಂಘದಲ್ಲಿ ಕಾಫಿ ಕಾಸಿ, ನೆಲ ಒರೆಸಿ ಹನ್ನೆರಡು ವರ್ಷವಾಗಿತ್ತು. ಅವಳ ಗಂಡ ಯಾಕೊವೊಸ್‌ನ ಜೊತೆ ಒಂದೇ ದೋಣಿಯಲ್ಲಿ ಮೀನು ಹಿಡಿದು ಬೆಳೆದವನಾದ್ದರಿಂದ ಅವಳು ಅವನಿಗೆ ಅಂದಿನಿಂದಲೂ ಅತ್ತಿಗೆ.

“ಏನತ್ತಿಗೆ?”

“ಕೇಕಲ್ಲಿ ಊರಲ್ಲಿಲ್ಲದವರ ಪಾಲು ಅಂತ ತೆಗೆದಿಟ್ರಲ್ಲ, ಅದನ್ನ ಕೇಳಿ ಇಸ್ಕೊಂಡೆ. ನಾಳೆ ಕೋರ್ಟಲ್ಲಿ ಅವನಿಗೆ ಕೊಡೋಕೆ ಬಿಡ್ತಾರಾ?”

“ಬಿಡ್ತಾರೆ. ಕಾವಲಿನವನು ನಮ್ಮ ಹುಡುಗಾನೇ, ಹೇಳ್ತೀನಿ. ಒಳಗೆ ಕಾಸು ಇದೆಯೇನೋ ನೋಡಿದ್ರಾ?”

“ಅದು ಅವನ ಪಾಲು. ಅದೃಷ್ಟದ ಕಾಸು ಇದ್ರೂ ಅವನೇ ಮುರಿದು ನೋಡ್ಲಿ. ನಾನ್ಯಾಕೆ ಮುಟ್ಲಿ?”

ಅವಳು ತುಂಡನ್ನು ಬಿಳಿ ಕಾಗದದಲ್ಲಿ ಸುತ್ತಿದಳು. ಕಿವಿಗೆ ಸಿಕ್ಕಿಸಿಕೊಂಡಿದ್ದ ನೀಲಿ ಪೆನ್ಸಿಲಿನಿಂದ ಅದರ ಮೇಲೆ ಮಗನ ಹೆಸರು ಬರೆದಳು. ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರಗಳು. ಒಂದೊಂದೂ ಪಕ್ಕದ್ದಕ್ಕೆ ತಗಲದಂತೆ ದೂರ ದೂರ ನಿಂತು ಎಡಕ್ಕೆ ವಾಲುತ್ತಿದ್ದವು. ಬರೆದು ಮುಗಿಸುವಷ್ಟರಲ್ಲಿ ಅವಳ ಹಣೆ ಬೆವರಿತ್ತು.

ಗೋಡೆಯ ಮೇಲೆ ಮೆತೆಯೊರಾದ ಬಂಡೆಗಳು ಬಂದವು. ತುದಿಯಲ್ಲಿ ಮಠ, ಕೆಳಗೆ ಮಂಜು. ಜನ ಒಂದೇ ಸಮನೆ ಮಾತಾಡತೊಡಗಿದರು. ಬಸ್ಸಿನಲ್ಲಿ ಯಾರು ಯಾರ ಮಡಿಲಿಗೆ ವಾಂತಿ ಮಾಡಿದ್ದು, ಯಾವ ಹೋಟೆಲಿನ ಹುರುಳಿ ಸಾರು ನೀರಾಗಿತ್ತು, ಎಲ್ಲವೂ ಹೊರಗೆ ಬಂತು.

“ಕಲಿಯೊಪಿ ಪ್ಯಾಂಟ್ ಹಾಕ್ಕೊಂಡು ಬಂದಿದ್ಲಲ್ಲ, ಸನ್ಯಾಸಿ ಬಾಗಿಲಲ್ಲೇ ತಡೆದು ಪರದೆಬಟ್ಟೆ ಸುತ್ತಿಸಿದ್ದು ನೆನಪಿದ್ಯಾ?”

“ಆ ಬಟ್ಟೆ ವಾಪಸ್ ಕೊಟ್ಲಾ ಇಲ್ಲ ಮನೇಗೆ ತಂದ್ಲಾ ಕೇಳಿ.”

“ಅಡುಗೆಮನೆ ಕಿಟಕೀಗೆ ಹಾಕಿದೀನಿ, ಬಂದು ನೋಡು” ಎಂದಳು ಕಲಿಯೊಪಿ ಮುಂದಿನ ಸಾಲಿನಿಂದ, ತಿರುಗಿಯೂ ನೋಡದೆ. ಅವಳು ಸಂಘದ ಕಾರ್ಯದರ್ಶಿ. ಕೊಲೆಯಾದ ಅನ್ನೆಝೊಳ ಗಂಡ ಆರ್ಗೀರಿಸ್‌ನ ಅಕ್ಕ. ತಮ್ಮ ದುಃಖದಲ್ಲಿದ್ದಾನೆ ಎಂದು ಇವತ್ತು ಅವಳೊಬ್ಬಳೇ ಬಂದಿದ್ದಳು.

ಮುಂದಿನ ಚಿತ್ರದಲ್ಲಿ ಸ್ತ್ರಾತಿಸ್ ಇದ್ದ. ಮೆತೆಯೊರಾದ ಮೆಟ್ಟಿಲ ಮೇಲೆ, ಮೊಣಕಾಲು ನೋವಿನ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಹಲ್ಲು ಕಿರಿಯುತ್ತಿದ್ದ. ಝಂಬೇತಾ ನಾಚಿಕೆಯಿಂದ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು.  ಯಾರೋ ಕೆಮ್ಮಿದರು.

“ಮುಂದೆ” ಎಂದಳು ಕಲಿಯೊಪಿ.

ಸೂನಿಯೊದ ತುದಿಬಂಡೆ, ಕಂಬಗಳ ನಡುವೆ ಮುಳುಗುವ ಸೂರ್ಯ. ಎಪಿದಾವ್ರೊಸ್‌ನ ಕಲ್ಲಿನ ರಂಗಮಂಟಪ. ನಡುವೆ ನಿಂತು ವೆನಿಯೇರಿಸ್‌ರ ಹೆಂಡತಿ ಕಾಗದ ಹರಿದದ್ದು ಮೇಲಿನ ಸಾಲಿಗೆ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಜಗಳ. ಆಮೇಲೆ ಸಮುದ್ರ, ಹಡಗಿನ ಕಟಕಟೆ, ಬೋಳುಗುಡ್ಡಗಳು. ಪೆತ್ರೂಸಾ ಬಂತು.

“ಅಯ್ಯೋ, ನಮ್ಮೂರು” ಎಂದು ಒಬ್ಬ ಮುದುಕಿ ಸೆರಗಿನಂಥ ತನ್ನ ಕಪ್ಪು ತಲೆವಸ್ತ್ರದಿಂದ ಕಣ್ಣೊರೆಸಿಕೊಂಡಳು.

ಮಾತೆ ಮರಿಯಳ ಹಬ್ಬ, ಎಂಬತ್ತೆರಡರ ಆಗಸ್ಟ್ ಹದಿನೈದು. ಮುರಿದ ಗಾಳಿಗಿರಣಿಯ ಪಕ್ಕ ಒಂಟಿಯಾಗಿ ನಿಂತ ಆರ್ಗೀರಿಸ್‌ನ ಮೇಲಿನ ಮನೆ. ಅಂಗಳದ ಮೋಟುಗೋಡೆಯ ಮೇಲೆ ಹತ್ತಾರು ಜನ ಕೂತು ಕಾಫಿ ಕುಡಿಯುತ್ತಿದ್ದರು. ಅವರ ಹಿಂದೆ ನೀಲಿ ಬಾಗಿಲು, ಅದರಾಚೆ ಬೆಳ್ಳಗೆ ಉರಿಯುವ ಸಮುದ್ರ.

ಅಡುಗೆಮನೆಯಲ್ಲಿ ಕಾಫಿಬಟ್ಟಲುಗಳ ತಟ್ಟೆ ನೆಲಕ್ಕೆ ಬಿತ್ತು.

ಎಲ್ಲರೂ ತಿರುಗಿದರು. “ಪಾಪ, ಆ ಮನೆ ನೋಡಿ ಕೈ ನಡುಗಿರ್ಬೇಕು” ಎಂದು ಹೆಂಗಸೊಬ್ಬಳು ಪಿಸುಗುಟ್ಟಿದಳು. ಆ ಮನೆಯ ಅಂಗಳದ ನೆಲದೊಳಗಿನ ಮಳೆನೀರಿನ ತೊಟ್ಟಿಯಲ್ಲೇ ಅನ್ನೆಝೊಳ ಹೆಣ ಸಿಕ್ಕಿದ್ದು. ತೊಟ್ಟಿಯ ಬಾಯಿಗೆ ಹೊಸ ಗಾರೆ ಹಾಕಿ, ಎತ್ತಿ ನೀರು ಸೇದುವ ಮುಚ್ಚಳ ಕೂರಿಸಿ ಮುಚ್ಚಿದವನು ಸ್ತ್ರಾತಿಸ್.

ಯಾಕೊವೊಸ್ ಝಂಬೇತಾಳನ್ನು ನೋಡಿದ. ಅವಳು ಚೂರುಗಳನ್ನು ನೋಡುತ್ತಿರಲಿಲ್ಲ. ಚಿತ್ರದ ಜನರನ್ನೂ ನೋಡುತ್ತಿರಲಿಲ್ಲ. ಅವಳ ಕಣ್ಣು ನೀಲಿ ಬಾಗಿಲಿನ ಮೇಲೆ ನಟ್ಟಿತ್ತು.

ಅವನೂ ಬಾಗಿಲನ್ನು ನೋಡಿದ. ಮೊಳೆಗೆ ಏನೋ ದುಂಡಗೆ, ಕಂದಾಗಿ ತೂಗುತ್ತಿತ್ತು. ಅವನ ಬೆನ್ನು ಕುರ್ಚಿಯಿಂದ ತಾನಾಗಿ ಮೇಲೆದ್ದಿತು.

ಸಂಜೆ ನಾಲ್ಕಕ್ಕೆ ಜನ ಚದುರಿದರು. ಯಂತ್ರವನ್ನು ಪೆಟ್ಟಿಗೆಗೆ ಹಾಕುತ್ತಿದ್ದ ವೆನಿಯೇರಿಸ್‌ರನ್ನು ಯಾಕೊವೊಸ್ ಆ ಒಂದು ಸ್ಲೈಡ್ ಕೇಳಿದ. ಅವರು ಹುಬ್ಬೇರಿಸಿದರು.

“ಊರು ನೆನಪಾಯ್ತಾ ಸಾರ್ಜೆಂಟ್ರೇ? ಹುಷಾರು, ಗೀಚು ಬಿದ್ದೀತು. ಅಂಚಲ್ಲಿ ತಾರೀಕು ಬರೆದಿದೀನಿ, ಅಳಿಸ್ಬೇಡಿ.”

“ತಾರೀಕೇ ನಂಗೆ ಬೇಕಾಗಿರೋದು” ಎಂದ ಯಾಕೊವೊಸ್.

ಅವನು ಒಂದು ಕಿಟಕಿಯ ಕಂಬಳಿ ಬಿಚ್ಚಿದ. ಪತ್ರಿಕೆ ಓದುವ ಭೂತಗನ್ನಡಿಯನ್ನು ಜೇಬಿನಿಂದ ತೆಗೆದು ಸ್ಲೈಡನ್ನು ಬೆಳಕಿಗೆ ಹಿಡಿದ. ಹಿಂದೆ ಬೀಗದ ಕೈಗಳ ಗೊಂಚಲು ಗಲಗಲ ಎಂದಿತು.

“ಹಾಲಿಗೆ ಬೀಗ ಹಾಕ್ಬೇಕು. ಇನ್ನೂ ಏನ್ ಹುಡುಕ್ತಿದೀಯ?” ಕಲಿಯೊಪಿ ಕೇಳಿದಳು. ಅವರಿಬ್ಬರೂ ಪೆತ್ರೂಸಾದ ಶಾಲೆಯಲ್ಲಿ ಒಂದೇ ಬೆಂಚಿನವರು. ಐವತ್ತು ವರ್ಷವಾದರೂ ಏಕವಚನ ಬಿಟ್ಟಿರಲಿಲ್ಲ.

“ಬಾ, ನೋಡು. ನಿನ್ನ ಚಿತ್ರಾನೇ.”

“ನನ್ನ ಮುಖ ನಂಗೊತ್ತು.”

“ಮುಖ ಬೇಡ. ಬಾಗಿಲು ನೋಡು.”

ಅವಳು ಬಂದು ಗಾಜಿಗೆ ಕಣ್ಣಿಟ್ಟಳು. ಬಹಳ ಹೊತ್ತು ನೋಡಿದಳು.

“ಒಣಗಿದ ಹೂದಂಡೆ. ಅದಕ್ಕೇನೀಗ?”

“ಯಾವತ್ತು ಕಟ್ಟೋದು ಅದನ್ನ?”

“ಮೇ ಒಂದಕ್ಕೆ. ಹೊಲಕ್ಕೆ ಹೋಗಿ ಹೂ ಕಿತ್ತು ದಂಡೆ ಮಾಡಿ ಬಾಗಿಲಿಗೆ ಕಟ್ತಾರೆ. ನನ್ನನ್ನೇನು ಶಾಲೆ ಪರೀಕ್ಷೆ ಮಾಡ್ತೀಯ?”

“ಯಾವತ್ತು ಸುಡೋದು?”

ಕಲಿಯೊಪಿ ಗಾಜಿನಿಂದ ಕಣ್ಣು ತೆಗೆದಳು.

“ನಾನೇ ಹೇಳ್ತೀನಿ ಬಿಡು. ಜೂನ್ ಇಪ್ಪತ್ಮೂರು, ಸಂತ ಯೊವಾನ್ನನ ಹಬ್ಬದ ಹಿಂದಿನ ಸಂಜೆ. ಮನೆ ಮುಂದೆ ಬೆಂಕಿ ಹಾಕಿ, ದಂಡೇನ ಅದರಲ್ಲಿ ಹಾಕಿ, ಮೂರು ಸಲ ಹಾರಿ ದಾಟ್ಬೇಕು. ಇದು ಆಗಸ್ಟ್ ಹದಿನೈದರ ಚಿತ್ರ. ಇನ್ನೂ ಅಲ್ಲೇ ನೇತಾಡ್ತಿದೆ.”

“ಅನ್ನೆಝೊ ಮರೆತಿರ್ಬೇಕು.”

“ಅನ್ನೆಝೊ ಮರೆತಳಾ? ಬೆಂಕಿ ದಾಟೋಕೆ ಹೋಗಿ ಲಂಗ ಸುಟ್ಕೊಂಡು ಅವರಪ್ಪನ ಕೈಲಿ ಏಟು ತಿಂದು, ಮಾರನೇ ವರ್ಷ ಮತ್ತೆ ದಾಟಿದ್ಲು. ಅವರಮ್ಮ ಸತ್ತ ವರ್ಷ ಸೂತಕದ ಮನೇಲಿ ದಂಡೆ ಕಟ್ಟಂಗಿಲ್ಲ ಅಂದಿದ್ದಕ್ಕೆ, ಪಕ್ಕದ ಮನೇದು ಬೇಡಿ ತಂದು ಸುಟ್ಲು. ಹೋದ ವರ್ಷದ ಕೆಟ್ಟದ್ದು ಬಾಗಿಲಲ್ಲಿ ಉಳೀಬಾರ್ದು ಅಂತ ಊರಿಗೆಲ್ಲ ಪಾಠ ಹೇಳ್ತಿದ್ದೋಳು ಅವಳೇ.”

ಯಾಕೊವೊಸ್ ಸ್ಲೈಡನ್ನು ಕೆಳಗಿಳಿಸಿದ. ಅವನ ಹೆಂಡತಿಯೂ ಅಂಥವಳೇ. ಅವಳು ಹೋದ ಮೇಲೆ ಅವನ ಬಾಗಿಲಲ್ಲಿ ಮೊಳೆ ಮಾತ್ರ ಉಳಿದಿತ್ತು.

“ನೀನು ಮೂವತ್ತು ವರ್ಷದಿಂದ ಪಿರೇಯಸ್ಸಲ್ಲಿದೀಯ” ಎಂದು ಮುಂದುವರಿಸಿದ. “ಇಲ್ಲಿ ಫ್ಲಾಟಿನವರು ಹೂ ಒಣಗಿದ್ರೆ ಕಸದ ಡಬ್ಬಕ್ಕೆ ಹಾಕಿ ಕೈ ತೊಳ್ಕೋತಾರೆ. ಅದಕ್ಕೇ ನಿನ್ನ ಕಣ್ಣಿಗೆ ಬೀಳ್ಲಿಲ್ಲ. ಅನ್ನೆಝೊ ಗಂಡನ ಮೇಲೆ ಮುನಿಸ್ಕೊಂಡು ಹೋದ್ಲು ಅಂತ ಎಲ್ರೂ ಅಂದ್ಕೊಂಡಿದ್ದಾಗ ನೀನು ಮನೆ ಗುಡಿಸಿದೆ, ಅವಳ ಬಟ್ಟೆ ಮಡಿಸಿಟ್ಟೆ, ಬಾಗಿಲ ಮುಂದೇನೇ ಕೂತು ಫೋಟೊ ತೆಗೆಸ್ಕೊಂಡೆ. ದಂಡೆ ಹಾಗೇ ಬಿಟ್ಟೆ.”

“ಒಂದು ಹಿಡಿ ಒಣಹುಲ್ಲು ತೋರಿಸಿ ಜಡ್ಜಿನ ಎದುರು ನಿಲ್ತೀಯಾ?”

“ಜ್ಯೂರಿಯಲ್ಲಿ ನಾಲ್ಕು ಜನ ದ್ವೀಪದವರು. ಅವರಿಗೆ ನಾನು ಬಾಯಿ ಬಿಡೋದೇ ಬೇಡ, ಚಿತ್ರ ತೋರಿಸಿದ್ರೆ ಸಾಕು. ಅವಳು ಇಪ್ಪತ್ಮೂರರ ಸಂಜೆ ಬದುಕಿರ್ಲಿಲ್ಲ. ಸ್ತ್ರಾತಿಸ್ ದ್ವೀಪಕ್ಕೆ ಕಾಲಿಟ್ಟಿದ್ದು ಜುಲೈ ಒಂದಕ್ಕೆ. ಅದಕ್ಕೆ ಮುಂಚೆ ಸೀರೊಸ್‌ನಲ್ಲಿ ಗೋಡೆ ಕಟ್ತಿದ್ದ, ಮೇಸ್ತ್ರಿಯ ಹಾಜರಿ ಪುಸ್ತಕ ಇದೆ, ಹಡಗಿನ ಟಿಕೆಟ್ಟಿದೆ. ನಿನ್ನ ತಮ್ಮ ಮಾತ್ರ ಜೂನ್ ಇಪ್ಪತ್ತೇಳರವರೆಗೂ ಆ ಮನೇಲೇ ಇದ್ದ.”

ಕಲಿಯೊಪಿ ಕುರ್ಚಿ ಎಳೆದುಕೊಂಡು ಕೂತಳು. ಕೈಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಕೈಯಲ್ಲೂ ಹಿಡಿದಳು.

“ಇನ್ನೊಂದು ಇದೆ” ಎಂದ ಯಾಕೊವೊಸ್. “ಮೆಟ್ಟಿಲ ಮೇಲೆ ನೋಡು. ಮೂರು ನೀಲಿ ಕ್ಯಾನು, ಪಕ್ಕದಲ್ಲಿ ಕತ್ತೆ. ಏನದು?”

“ನೀರು.”

“ಎಲ್ಲಿಂದ?”

“ಕೆಳಗಿನ ಊರಿನ ನಲ್ಲಿಯಿಂದ.”

“ಅಂಗಳದಲ್ಲಿ ತುಂಬಿದ ತೊಟ್ಟಿ. ಆ ವರ್ಷ ಮಾರ್ಚಿನವರೆಗೂ ಮಳೆ ಹೊಯ್ದಿತ್ತು. ನಮ್ಮ ಕಡೆ ತೊಟ್ಟಿ ನೀರಲ್ಲದೆ ಕಾಫಿ ಕಾಸಿದ್ರೆ ಮುದುಕಿಯರು ಮುಖ ಸಿಂಡರಿಸ್ತಾರೆ. ನೀನು ಹತ್ತು ಜನ ಅತಿಥಿಗಳಿಗೆ ಒಂದು ಗಂಟೆ ಗುಡ್ಡ ಹತ್ತಿಸಿ ನಲ್ಲಿ ನೀರು ತರಿಸ್ದೆ. ಹೆಣ ಸಿಕ್ಕಿದ್ದು ಸೆಪ್ಟೆಂಬರ್ ಒಂಬತ್ತಕ್ಕೆ. ಆಗಸ್ಟ್ ಹದಿನೈದಕ್ಕೇ ನಿನಗೆ ಆ ನೀರು ಯಾಕೆ ಬೇಡವಾಗಿತ್ತು, ಕಲಿಯೊಪಿ?”

ಹೊರಗೆ ಬಂದರಿನಲ್ಲಿ ಹಡಗೊಂದು ಕೂಗಿತು. ಅಡುಗೆಮನೆಯಲ್ಲಿ ನಲ್ಲಿ ಸುರಿಯುತ್ತಿತ್ತು. ಝಂಬೇತಾ ಪಾತ್ರೆ ತೊಳೆಯುತ್ತಿದ್ದಳು.

“ಗಾರೆ ಹಸಿಯಾಗಿತ್ತು” ಎಂದಳು ಕಲಿಯೊಪಿ ಕಡೆಗೆ.

“ಆರು ವಾರದ ಗಾರೆ ಆಗಸ್ಟ್ ಬಿಸಿಲಲ್ಲಿ ಹಸಿಯಾಗಿರುತ್ತಾ? ಬೇರೆ ಏನಾದ್ರೂ ಹೇಳು.”

“ಹೇಳಲ್ಲ ಅಂದ್ರೆ?”

“ಜೂನ್ ಮೂವತ್ತಕ್ಕೆ ಅನ್ನೆಝೊ ಜೊತೆ ಫೋನಲ್ಲಿ ಮಾತಾಡ್ದೆ ಅಂತ ಬೈಬಲ್ ಮುಟ್ಟಿ ಪ್ರಮಾಣ ಮಾಡಿದೀಯ. ಒಂದು ವಾರದ ಹಿಂದೆ ಸತ್ತೋಳ ಜೊತೆ. ಒಬ್ಬ ಮೂವತ್ತು ವರ್ಷದ ಹುಡುಗ ನಿನ್ನ ಆ ಒಂದು ಮಾತಿಗೆ ಹದಿನಾರು ತಿಂಗಳಿಂದ ಒಳಗೆ ಕೊಳೀತಿದಾನೆ. ಅವರಮ್ಮ ನಿನ್ನ ಕಣ್ಣೆದುರೇ ನಿನಗೆ ಕಾಫಿ ಕಾಸಿ ಕೊಡ್ತಾಳೆ. ಹೇಗೆ ಇಳಿಯುತ್ತೆ ಗಂಟಲಲ್ಲಿ?”

ಅವನ ದನಿ ಏರಿತ್ತು. ಅಡುಗೆಮನೆಯ ನಲ್ಲಿ ನಿಂತಿತು.

“ಹೌದು, ಸುಳ್ಳು ಹೇಳ್ದೆ” ಎಂದಳು ಕಲಿಯೊಪಿ. ಅವಳ ಮುಖದಲ್ಲಿ ಹೆದರಿಕೆ ಇರಲಿಲ್ಲ, ಬಹಳ ದಿನ ಭಾರ ಹೊತ್ತವರ ದಣಿವಿತ್ತು. “ತಮ್ಮನ ಕತ್ತು ಉಳಿಸೋಕೆ ಹೇಳ್ದೆ. ಅನ್ನೆಝೊ ಅವನ ಜೊತೆ ಸುಖವಾಗಿರ್ಲಿಲ್ಲ ಅಂತ ಊರಿಗೇ ಗೊತ್ತು. ಅವನು ದ್ವೀಪ ಬಿಟ್ಟ ಮೇಲೂ ಅವಳು ಬದುಕಿದ್ಲು ಅಂತಾದ್ರೆ ಅವನು ಬಚಾವು. ಅಷ್ಟೇ ಯೋಚಿಸಿದ್ದು. ಆ ಗುಂಡೀಲಿ ಝಂಬೇತಾಳ ಮಗ ಬಂದು ಬೀಳ್ತಾನೆ ಅಂತ ಯಾರಿಗೆ ಗೊತ್ತಿತ್ತು?”

“ಅಂದ್ರೆ ಕೊಂದಿದ್ದು ಆರ್ಗೀರಿಸ್.”

“ನನಗೆ ಗೊತ್ತಿಲ್ಲ. ನಾನು ಕೇಳಿಲ್ಲ, ಅವನು ಹೇಳಿಲ್ಲ.”

“ಹೆಣ ತೊಟ್ಟೀಲಿದೆ ಅಂತ ಹೇಗೆ ಗೊತ್ತಾಯ್ತು? ಅವನು ಹೇಳದೇ ಇದ್ರೆ?”

ಕಲಿಯೊಪಿ ಅಡುಗೆಮನೆಯ ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಕೈಚೀಲದ ಒಳಜೇಬಿನಿಂದ ಮಡಿಸಿದ ಲಕೋಟೆ ತೆಗೆದಳು. ಮಡಿಕೆಗಳು ಸವೆದು ತೆಳ್ಳಗಾಗಿದ್ದವು.

“ಸಂಘದವರೆಲ್ಲ ನನ್ನನ್ನ ಹೊಗಳ್ತಾರೆ” ಎಂದಳು. “ಕೊಲೆಗಾರನ ತಾಯೀನ ಕೆಲಸದಿಂದ ತೆಗೀಲಿಲ್ಲ, ಎಷ್ಟು ದೊಡ್ಡ ಮನಸ್ಸು ಅಂತ. ನೀನೂ ಹಾಗೇ ಅಂದ್ಕೊಂಡಿದ್ದೆ, ಅಲ್ವಾ ಸಾರ್ಜೆಂಟ್ ಸಾಹೇಬ?”

ಅಂದುಕೊಂಡಿದ್ದ. ಒಳಗೊಳಗೇ ಮೆಚ್ಚಿಕೊಂಡೂ ಇದ್ದ. ಈಗ ತನ್ನ ಬುದ್ಧಿಗೆ ತಾನೇ ಉಗಿದುಕೊಂಡ.

“ತಗೋ, ಓದು. ಅಂಚೆ ಮೊಹರು ಮೊದ್ಲು ನೋಡು.”

ಮೊಹರು ಪೆತ್ರೂಸಾದ್ದು. ಜೂನ್ ಇಪ್ಪತ್ತೈದು, ಎಂಬತ್ತೆರಡು. ಒಳಗೆ ನೋಟುಬುಕ್ಕಿನಿಂದ ಹರಿದ ಒಂದು ಹಾಳೆ. ನಾಲ್ಕೇ ಸಾಲು.

‘ಕಲಿಯೊಪಿ, ಈ ಬೇಸಗೆ ಮೇಲಿನ ಮನೆಯ ತೊಟ್ಟಿಯ ನೀರು ಕುಡಿಯಬೇಡಿ. ಯಾರಿಗೂ ಕೊಡಬೇಡಿ. ಯಾಕೆ ಎಂದು ಕೇಳಬೇಡಿ. ನಿಮ್ಮ ಉಪ್ಪು ತಿಂದವಳು ಹೇಳುತ್ತಿದ್ದೇನೆ.’

ಹೆಸರಿರಲಿಲ್ಲ. ಬೇಕಾಗಿಯೂ ಇರಲಿಲ್ಲ. ನೀಲಿ ಪೆನ್ಸಿಲು. ಒಂದಕ್ಕೊಂದು ತಗಲದಂತೆ ದೂರ ದೂರ ನಿಂತ ಅಕ್ಷರಗಳು, ಎಲ್ಲವೂ ಎಡಕ್ಕೆ ವಾಲಿದ್ದವು.

ಯಾಕೊವೊಸ್ ಹಾಳೆಯನ್ನು ಎರಡನೇ ಸಲ ಓದಲಿಲ್ಲ. ಪ್ರತಿ ಜೂನ್‌ನಲ್ಲೂ ಗಂಡನ ಗೋರಿ ತೊಳೆದು ದೀಪ ಹಚ್ಚಲು ಝಂಬೇತಾ ಊರಿಗೆ ಹೋಗುತ್ತಿದ್ದಳು. ಹೋದಾಗ ಮೇಲಿನ ಮನೆಯ ಕಂಬಳಿಗಳನ್ನೆಲ್ಲ ಒಗೆದು ಕೊಡುತ್ತಿದ್ದಳು. ಇದು ಅವನಿಗೆ ಇಪ್ಪತ್ತು ವರ್ಷದಿಂದ ಗೊತ್ತು. ಇಷ್ಟು ತಿಂಗಳು ಊರೂರು ಅಲೆದವನಿಗೆ ಅವಳನ್ನು ಒಂದು ಪ್ರಶ್ನೆ ಕೇಳಬೇಕೆಂದು ಹೊಳೆದಿರಲಿಲ್ಲ. ತಾಯಿಯನ್ನು ಯಾರು ವಿಚಾರಿಸುತ್ತಾರೆ?

“ನಿನ್ನ ದಂಡೆ ಒಳ್ಳೇ ಪುರಾವೆ” ಎಂದಳು ಕಲಿಯೊಪಿ, ಕಾಗದವನ್ನು ಅವನ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಳ್ಳುತ್ತ. “ನಾಳೆ ತೋರ್ಸು. ಅನ್ನೆಝೊ ಇಪ್ಪತ್ಮೂರಕ್ಕೆ ಮುಂಚೆ ಸತ್ಲು ಅಂತ ಸಾಬೀತಾಗ್ಲಿ, ಹುಡುಗ ಮನೇಗೆ ಬರ್ಲಿ. ಅದಾದ ಗಳಿಗೇಲಿ ಪೊಲೀಸ್ರು ನನ್ನ ತಮ್ಮನ ಹತ್ರ ಬರ್ತಾರೆ. ಆಗ ನಾನು ಇದನ್ನ ಕೊಡ್ತೀನಿ. ಹೆಣ ಎಲ್ಲಿದೆ ಅಂತ ಮೊದ್ಲು ಗೊತ್ತಿದ್ದಿದ್ದು ಯಾರಿಗೆ ಅಂತ ಜಡ್ಜೇ ಓದ್ಕೊಳ್ಲಿ.”

“ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ನಿನ್ನನ್ನೂ ಒಳಗೆ ಹಾಕ್ತಾರೆ.”

“ಹಾಕ್ಲಿ. ಎರಡು ವರ್ಷ ಇದ್ದು ಬರ್ತೀನಿ. ಅವಳು ಹೋದ್ರೆ ಹೊರಗೆ ಬರೋದು ಹೆಣವಾಗೇ.”

“ನಾನು ಚಿತ್ರ ತೋರಿಸದೇ ಇದ್ರೆ?”

“ಈ ಕಾಗದ ಇವತ್ತೇ ಒಲೆಗೆ ಹಾಕ್ತೀನಿ. ತಾಯಿ ಉಳೀತಾಳೆ.” ಅವಳು ಎದ್ದು ಕೋಟಿನ ಗುಂಡಿ ಹಾಕಿಕೊಂಡಳು. “ಹೊರಗೆ ಮೆಟ್ಟಿಲ ಮೇಲೆ ಕಾಯ್ತಿರ್ತೀನಿ. ಮಗ ಬೇಕೋ, ಅಮ್ಮ ಬೇಕೋ, ಅವಳನ್ನೇ ಕೇಳ್ಕೊಂಡು ಬಾ.”

ಅಡುಗೆಮನೆಯಲ್ಲಿ ಝಂಬೇತಾ ಒಡೆದ ಬಟ್ಟಲುಗಳ ಚೂರುಗಳನ್ನು ಪತ್ರಿಕೆಯ ಮೇಲೆ ಜೋಡಿಸುತ್ತಿದ್ದಳು. ಹೆಬ್ಬೆರಳಿಗೆ ಗಾಯವಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಅವನು ಒಳಗೆ ಬಂದಾಗ ತಲೆ ಎತ್ತಲಿಲ್ಲ.

“ಎಲ್ಲಾ ಕೇಳಿಸ್ತು” ಎಂದಳು. “ಈ ಗೋಡೆ ಇಟ್ಟಿಗೇದಲ್ಲ, ಹಲಗೇದು.”

“ಕಾಗದ ಬರೆದಿದ್ದು ನೀವೇನಾ ಅತ್ತಿಗೆ?”

“ನಾನೇ.”

“ಯಾರಾದ್ರೂ ಬರೆಸಿದ್ರಾ? ಹೆದರಿಸಿದ್ರಾ?”

“ಇಲ್ಲ. ಜನ ಆ ನೀರು ಕುಡೀಬಾರ್ದು ಅಂತ ಬರೆದೆ. ಅಷ್ಟೂ ಮಾಡದೇ ಇದ್ರೆ ದೇವರಿಗೆ ಮುಖ ಹೇಗೆ ತೋರ್ಸೋದು?”

ಯಾಕೊವೊಸ್ ಸ್ಟೂಲಿನ ಮೇಲೆ ಕೂತ. ಮೂವತ್ತೈದು ವರ್ಷದ ನೌಕರಿಯಲ್ಲಿ ಕಳ್ಳರನ್ನು, ಕೊಲೆಗಾರರನ್ನು ಕೂರಿಸಿ ಪ್ರಶ್ನೆ ಕೇಳಿದ್ದ. ಇಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ.

“ನಿಮಗೆ ಗೊತ್ತಿದ್ದೂ ಮಗನನ್ನ ಆ ತೊಟ್ಟಿ ಮುಚ್ಚೋಕೆ ಕಳಿಸಿದ್ರಾ?”

ಆಗ ಅವಳು ತಲೆ ಎತ್ತಿದಳು. ಕಣ್ಣು ಒಣಗಿದ್ದವು.

“ನಾನು ಕಳಿಸ್ತೀನಾ ಯಾಕೊವಣ್ಣ? ಆರ್ಗೀರಿಸ್ ಸೀರೊಸ್‌ಗೆ ಅವನಿಗೆ ನೇರ ತಂತಿ ಕೊಟ್ಟು, ತೊಟ್ಟಿ ಬಾಯಿ ಬಿರುಕು ಬಿಟ್ಟಿದೆ ಅಂತ ಕರೆಸ್ಕೊಂಡ. ನಾನಿಲ್ಲಿ ಪಿರೇಯಸ್ಸಿಗೆ ಬಂದು ಕೂತಿದ್ದೆ. ನಂಗೆ ಗೊತ್ತಾಗೋಷ್ಟರಲ್ಲಿ ಅವನು ಕೆಲಸ ಮುಗಿಸಿದ್ದ.” ಅವಳು ಒಂದು ಚೂರನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. “ಕೆಲಸಕ್ಕೆ ಮುಂಚೆ ಲಾಟೀನು ಇಳಿಸಿ ಒಳಗೆ ನೋಡಿದಾನೆ. ಎಲ್ಲಾ ಗಾರೆ ಕೆಲಸದೋರೂ ನೋಡ್ತಾರೆ. ನೀರಲ್ಲಿ ಅವಳನ್ನ ನೋಡ್ದ. ಅವಳ ಕೈಲಿ ನನ್ನ ತಲೆವಸ್ತ್ರ ನೋಡ್ದ. ಅವನೇ ನನಗೆ ಸೀರೊಸ್‌ನಿಂದ ತಂದು ಕೊಟ್ಟಿದ್ದದು, ಅಂಚಲ್ಲಿ ಹಳದಿ ಹೂವಿರೋದು.”

ಯಾಕೊವೊಸ್ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ.

“ಅವನಿಗೆ ಗೊತ್ತಿದ್ದೇ ಮುಚ್ಚಿದ.”

“ಗೊತ್ತಿದ್ದೇ ಮುಚ್ಚಿದ. ತಲೆವಸ್ತ್ರ ಎಳ್ಕೊಂಡು ಸುಟ್ಟುಹಾಕಿ, ಬಾಯಿಗೆ ಗಾರೆ ಬಳಿದ. ಜೈಲಿಗೆ ಮೊದಲ ಸಲ ನೋಡೋಕೆ ಹೋದಾಗ ಹೇಳ್ದ. ‘ಅಮ್ಮ, ನೀನು ಒಂದು ಮಾತು ಆಡಿದ್ರೂ ನಾನೇ ಕೊಂದೆ ಅಂತ ಬರೆದು ಕೊಟ್ಬಿಡ್ತೀನಿ’ ಅಂದ. ಅವನ ಹಟ ನಿಮಗೆ ಗೊತ್ತಲ್ಲ. ಹದಿನಾರು ತಿಂಗಳು ನಾಲಿಗೆ ಕಚ್ಕೊಂಡು ಕೂತೆ.”

ಕಂಬಳಿ ಬಿಚ್ಚಿದ ಒಂದೇ ಕಿಟಕಿಯ ಬೆಳಕು ಹಾಲನ್ನು ದಾಟಿ ಅವರ ಕಾಲ ಬಳಿಯವರೆಗೆ ಬಂದಿತ್ತು. ಯಾಕೊವೊಸ್‌ಗೆ ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಕೇಳಿಬಿಟ್ಟರೆ ಮತ್ತೆ ಹಿಂದಕ್ಕೆ ತೆಗೆದುಕೊಳ್ಳಲು ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಕೇಳಿದ.

“ಅನ್ನೆಝೊ ಸತ್ತ ದಿನ ತೊಟ್ಟಿ ಹತ್ರ ಆರ್ಗೀರಿಸ್ ಇದ್ನಾ?”

“ಇರ್ಲಿಲ್ಲ. ಇದ್ದದ್ದು ಅನ್ನೆಝೊ, ನಾನು, ಇಬ್ರೇ ಹೆಂಗಸ್ರು.”

“ನೀವು ಏನು ಮಾಡಿದ್ರಿ ಅತ್ತಿಗೆ?”

ಝಂಬೇತಾ ಚೂರುಗಳಿದ್ದ ಪತ್ರಿಕೆಯನ್ನು ನಾಲ್ಕು ಮೂಲೆಗೆ ಮಡಿಸಿ, ಗಂಟಿನಂತೆ ಕಟ್ಟಿ ಬದಿಗಿಟ್ಟಳು. ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

“ಆ ಚಿತ್ರ ತೋರಿಸಿದ್ರೆ ನನ್ನ ಮಗ ಬಿಡುಗಡೆ ಆಗ್ತಾನಾ? ಖಂಡಿತಾನಾ?”

“ಆಗ್ತಾನೆ.”

“ಅವನು ಬೇಡ ಅಂತ ಕಿರುಚಿದ್ರೆ? ನಾನೇ ಕೊಂದೆ ಅಂತ ಎದ್ದು ನಿಂತ್ರೆ?”

“ನಿಂತ್ರೂ ಏನಾಗಲ್ಲ. ಅವತ್ತು ಅವನು ಬೇರೆ ದ್ವೀಪದಲ್ಲಿದ್ದ ಅಂತ ಕಾಗದಗಳೇ ಹೇಳ್ತವೆ.”

“ಹಾಗಾದ್ರೆ ತೋರ್ಸಿ” ಎಂದಳು ಅವಳು. “ನಾನಂತೂ ಬಾಯಿ ಬಿಟ್ಟಿಲ್ಲ. ಅವನಿಗೆ ಕೊಟ್ಟ ಮಾತು ಉಳಿಸ್ಕೊಂಡೆ. ಮಿಕ್ಕಿದ್ದು ಕೇಳ್ಬೇಡಿ.”

“ಅತ್ತಿಗೆ, ನೀವು ಹೇಳದೇ ಹೋದ್ರೆ ಆ ನಾಲ್ಕು ಸಾಲೇ ನಿಮ್ಮನ್ನ ಮುಗಿಸುತ್ತೆ. ನಿಮ್ಮನ್ನ ಉಳಿಸೋಕೆ ನಂಗೆ ಏನಾದ್ರೂ ಕೊಡಿ.”

ಅವಳು ಕಪಾಟಿನ ಮೇಲಿಂದ ಬಿಳಿ ಕಾಗದದ ಪೊಟ್ಟಣ ತೆಗೆದಳು. ನೀಲಿ ಪೆನ್ಸಿಲಿನಲ್ಲಿ ಬರೆದ ಮಗನ ಹೆಸರನ್ನು ಬೆರಳಿನಿಂದ ಒಮ್ಮೆ ಸವರಿದಳು. ಆಮೇಲೆ ಯಾಕೊವೊಸ್‌ನ ಕೈ ಎಳೆದು, ಅಂಗೈಯಲ್ಲಿ ಪೊಟ್ಟಣ ಇಟ್ಟು, ಅವನ ಬೆರಳುಗಳನ್ನು ಒಂದೊಂದಾಗಿ ಮಡಿಸಿದಳು.

“ನಾಳೆ ಇದನ್ನ ನೀವೇ ಕೊಡಿ ಅವನಿಗೆ” ಎಂದಳು. “ಅವನು ಹೊರಗೆ ಬರೋ ಹೊತ್ತಿಗೆ ನನ್ನನ್ನ ಒಳಗೆ ಕರ್ಕೊಂಡು ಹೋಗಿರ್ತಾರೆ.”